ಸೀಟಿಗೆ ಬೇರೆ ದುಡ್ಡು ಕೊಡಲೇಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ: ಕಡಿಮೆ ದರದ ವಿಮಾನಗಳಲ್ಲಿ ಸೀಟಿಗೆ ಕೇಳುವ ಹೆಚ್ಚುವರಿ ದುಡ್ಡು. ಚೆಕ್-ಇನ್ ಕೌಂಟರ್‌ನಲ್ಲಿ ವರ್ಷಗಟ್ಟಲೆ ಕೂತು ಬೋರ್ಡಿಂಗ್ ಪಾಸ್ ಕೊಟ್ಟವಳು ನಾನು. ಕೌಂಟರಿನ ಆಚೆ ಕಡೆಯಿಂದ ಕಂಡದ್ದನ್ನೂ ಸೇರಿಸಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು, ನನ್ನ ಹೆಂಡತಿ ಮೊದಲ ಸಲ ವಿಮಾನ ಹತ್ತುತ್ತಿದ್ದೇವೆ. ಬೆಂಗಳೂರಿನಿಂದ ದೆಹಲಿಗೆ, ಮಗನ ಮನೆಗೆ. ಟಿಕೆಟ್ ಆಗಿದೆ. ವೆಬ್ ಚೆಕ್-ಇನ್ ಮಾಡಲು, ಅಂದರೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಬೋರ್ಡಿಂಗ್ ಪಾಸ್ ತೆಗೆದುಕೊಳ್ಳಲು ಹೋದರೆ ಎಲ್ಲ ಸೀಟಿನ ಮೇಲೂ ಬೆಲೆ ತೋರಿಸುತ್ತಿದೆ. ಸೀಟಿಗೆ ದುಡ್ಡು ಕಟ್ಟದಿದ್ದರೆ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?
— ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ನಿಜ ಅಲ್ಲ ಮೇಷ್ಟ್ರೇ. ನೀವು ಟಿಕೆಟ್‌ಗೆ ಕೊಟ್ಟ ದುಡ್ಡಿನಲ್ಲೇ ಒಂದು ಸೀಟು ಸೇರಿದೆ. ಅವರು ಈಗ ಕೇಳುತ್ತಿರುವುದು ಸೀಟಿನ ಬೆಲೆಯಲ್ಲ, ಇಂಥದ್ದೇ ಸೀಟು ಬೇಕು ಎಂದು ಆರಿಸಿಕೊಳ್ಳುವುದರ ಬೆಲೆ. ಆರಿಸಿಕೊಳ್ಳದೆ ಹೋದರೆ ಕಂಪನಿಯೇ ಯಾವುದಾದರೂ ಒಂದು ಸೀಟು ಕೊಡಬೇಕು. ಕೊಟ್ಟೇ ಕೊಡುತ್ತದೆ.

ನಿಮ್ಮ ಹಾಗೆ ಗಾಬರಿಯಾದವರು ತುಂಬಾ ಜನ. 2018ರ ನವೆಂಬರ್‌ನಲ್ಲಿ ಇಂಡಿಗೋ ವೆಬ್ ಚೆಕ್-ಇನ್‌ನಲ್ಲಿ ಎಲ್ಲ ಸೀಟಿಗೂ ದರ ಇಟ್ಟಾಗ ದೇಶದಲ್ಲೆಲ್ಲ ಗಲಾಟೆಯಾಗಿತ್ತು. ವಿಮಾನಯಾನ ಸಚಿವಾಲಯ ಪರಿಶೀಲಿಸುತ್ತೇವೆ ಎಂದಿತು. ದುಡ್ಡು ಬೇಡ ಅನ್ನುವವರಿಗೆ ನಿಲ್ದಾಣದಲ್ಲಿ ಉಚಿತವಾಗಿ ಸೀಟು ಕೊಡುತ್ತೇವೆ ಎಂದು ಕಂಪನಿಯೂ ಹೇಳಿತು. ಆಮೇಲೆ ಕೋವಿಡ್ ಬಂತು. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ತೆಗೆದುಕೊಂಡರೆ ಅದಕ್ಕೂ ಶುಲ್ಕ ಹಾಕಲು ಕೆಲವು ಕಂಪನಿಗಳು ಶುರು ಮಾಡಿದವು. 2022ರ ಜುಲೈ 21ರಂದು ಸಚಿವಾಲಯ ಅದಕ್ಕೆ ತಡೆ ಹಾಕಿತು. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಬೇರೆ ದುಡ್ಡು ಕೇಳಬಾರದು, ವಿಮಾನ ನಿಯಮಗಳು ಹೇಳುವ ಪ್ರಯಾಣ ದರದೊಳಗೆ ಅಂಥ ಶುಲ್ಕ ಬರುವುದಿಲ್ಲ ಎಂದು ಕಂಪನಿಗಳಿಗೆ ಸೂಚಿಸಿತು. ಈ ತಾರೀಕು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾರಾದರೂ ಕೇಳಿದರೆ ಹೇಳಲು ಬೇಕಾಗುತ್ತದೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಹೆಚ್ಚಿನ ಕಂಪನಿಗಳಲ್ಲಿ ದೇಶದೊಳಗಿನ ವಿಮಾನಕ್ಕೆ ವೆಬ್ ಚೆಕ್-ಇನ್ ಹೊರಡುವ 48 ಗಂಟೆ ಮೊದಲು ತೆರೆಯುತ್ತದೆ, 1 ಗಂಟೆ ಮೊದಲು ಮುಚ್ಚುತ್ತದೆ. ತೆರೆದ ಕೂಡಲೇ ಒಮ್ಮೆ ನೋಡಿ. ಸೀಟ್ ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಬಣ್ಣದ ದುಬಾರಿ ಸಾಲುಗಳು. ಅಲ್ಲಿ ನಿಲ್ಲಬೇಡಿ, ಕೆಳಗೆ ಸರಿಸುತ್ತಾ ಹೋಗಿ. ಕೊನೆಯ ಸಾಲುಗಳಲ್ಲಿ, ಅದೂ ನಡುವಿನ ಸೀಟುಗಳಲ್ಲಿ, ಕೆಲವಕ್ಕೆ ಸೊನ್ನೆ ರೂಪಾಯಿ ಇರುತ್ತದೆ. ಸಾಲಿನಲ್ಲಿ ಎ, ಎಫ್ ಕಿಟಕಿ ಪಕ್ಕದವು. ಸಿ, ಡಿ ಓಡಾಡುವ ದಾರಿಯ ಪಕ್ಕದವು. ಬಿ, ಇ ನಡುವಿನವು. ಸೊನ್ನೆ ಇರುವುದು ಸಾಮಾನ್ಯವಾಗಿ ಬಿ ಅಥವಾ ಇ. ಹಿಂದೆ ಮುಂದೆ ಎರಡು ಸಾಲಿನಲ್ಲಿ ಎರಡು ಬಿ ಸಿಕ್ಕರೆ ಸಾಕು ಅನ್ನಿಸಿದರೆ ಅದನ್ನೇ ಒತ್ತಿ.

ಒಂದೂ ಉಚಿತ ಸೀಟು ಕಾಣದಿದ್ದರೆ ಪುಟದ ತಳದಲ್ಲಿ, ಇಲ್ಲವೇ ಮೂಲೆಯಲ್ಲಿ 'ಸ್ಕಿಪ್' ಎಂಬ ಗುಂಡಿ ಇದೆಯಾ ಹುಡುಕಿ. ಎಷ್ಟೋ ಕಡೆ ಅದು ಸಣ್ಣ ಅಕ್ಷರದಲ್ಲಿ, ಮಸುಕು ಬಣ್ಣದಲ್ಲಿ ಇರುತ್ತದೆ. ದುಡ್ಡು ಕಟ್ಟುವ ಗುಂಡಿ ಮಾತ್ರ ಹೆಬ್ಬೆರಳಿನಷ್ಟು ದಪ್ಪ. ಮೊದಲ ಸಲ ಪ್ರಯಾಣ ಮಾಡುವವರು, ಇಂಗ್ಲಿಷ್ ಓದಲು ಕಷ್ಟಪಡುವವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ನನಗೆ ಇದು ಸರಿ ಕಾಣುವುದಿಲ್ಲ. ಬೇಕಾದವರಿಗೆ ಮಾರಲಿ. ಆದರೆ ಬೇಡ ಎನ್ನುವ ದಾರಿಯೂ ಅಷ್ಟೇ ಎದ್ದು ಕಾಣಬೇಕು.

ಸ್ಕಿಪ್ ಕೂಡ ಸಿಗದಿದ್ದರೆ ಆ ಪುಟ ಮುಚ್ಚಿಬಿಡಿ. ಟಿಕೆಟ್ ಪ್ರಿಂಟ್, ಇಬ್ಬರ ಆಧಾರ್ ಕಾರ್ಡ್ ಹಿಡಿದುಕೊಂಡು ಎರಡೂವರೆ ಗಂಟೆ ಮೊದಲೇ ನಿಲ್ದಾಣ ತಲುಪಿ. ಅಷ್ಟಿದ್ದರೆ ಬಾಗಿಲಲ್ಲಿ ಒಳಗೆ ಬಿಡುತ್ತಾರೆ. ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಬಾಗಿಲಿನಿಂದ ಹೋಗಲು ಬೋರ್ಡಿಂಗ್ ಪಾಸ್ ಮೊದಲೇ ಬೇಕು, ಆದ್ದರಿಂದ ಮಾಮೂಲಿ ಸಾಲಿನಲ್ಲಿ ನಿಲ್ಲಿ. ಕೌಂಟರ್‌ನಲ್ಲಿ ಸಮಾಧಾನವಾಗಿ ಹೇಳಿ: "ನಾವು ಗಂಡ ಹೆಂಡತಿ, ಜೊತೆಗೆ ಕೂರಿಸಿ, ದುಡ್ಡಿನ ಸೀಟು ಬೇಡ." ವಾಪಸ್ ಬರುವಾಗ ದೆಹಲಿಯಲ್ಲಿ ಕನ್ನಡ ನಡೆಯದಿದ್ದರೆ "ಟುಗೆದರ್ ಸೀಟ್, ನೋ ಚಾರ್ಜ್" ಅಂದರೂ ಆಯಿತು. ಯಾವ ಸೀಟು ಇನ್ನೂ ಖಾಲಿ ಇದೆ ಎನ್ನುವುದು ಕೌಂಟರ್‌ನವರ ಪರದೆಯಲ್ಲಿ ಕಾಣುತ್ತಿರುತ್ತದೆ. ಬೇಗ ಬಂದು ನಯವಾಗಿ ಕೇಳುವ ಹಿರಿಯರಿಗೆ ಜೋಡಿ ಸೀಟು ಹುಡುಕಿಕೊಡಲು ನಾವು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಕೌಂಟರ್ ಮುಚ್ಚುವ ಹೊತ್ತಿಗೆ ಓಡಿ ಬಂದವರಿಗೆ ಮಾತ್ರ ಏನೂ ಮಾಡಲು ಆಗುತ್ತಿರಲಿಲ್ಲ.

ಪ್ರಶ್ನೆ: ನಮಗೆ 6 ಮತ್ತು 9 ವರ್ಷದ ಇಬ್ಬರು ಮಕ್ಕಳು. ಕಳೆದ ಸಲ ಸೀಟಿಗೆ ದುಡ್ಡು ಕೊಡದ್ದಕ್ಕೆ ನಾಲ್ವರಿಗೂ ನಾಲ್ಕು ಕಡೆ ಸೀಟು ಬಂತು. ಹೆದರಿ ದುಡ್ಡು ಕಟ್ಟಿ ಬದಲಾಯಿಸಿಕೊಂಡೆವು. ಮಕ್ಕಳಿಗೆ ಬೇರೆ ನಿಯಮ ಇಲ್ಲವಾ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಇದೆ. ಮಕ್ಕಳಿರುವ ಎಲ್ಲರಿಗೂ ಇದು ಗೊತ್ತಿರಲೇಬೇಕು. 2024ರ ಏಪ್ರಿಲ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಿಮಾನ ಕಂಪನಿಗಳಿಗೆ ಒಂದು ಸೂಚನೆ ಕೊಟ್ಟಿತು. 12 ವರ್ಷದವರೆಗಿನ ಮಗುವಿಗೆ, ಅದೇ ಪಿಎನ್‌ಆರ್‌ನಲ್ಲಿ, ಅಂದರೆ ಅದೇ ಬುಕಿಂಗ್ ಸಂಖ್ಯೆಯಲ್ಲಿ, ಪ್ರಯಾಣಿಸುವ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಬೇಕು. ಕೊಟ್ಟಿದ್ದಕ್ಕೆ ದಾಖಲೆಯನ್ನೂ ಇಡಬೇಕು. ನಿಮ್ಮ ಹಾಗೆ ಮಕ್ಕಳಿಂದ ಬೇರೆಯಾಗಿ ಕೂತವರ ದೂರುಗಳು ಬಂದ ಮೇಲೆಯೇ ಈ ಸೂಚನೆ ಹೊರಟಿದ್ದು.

ಇದರಲ್ಲಿ ಎರಡು ಮಾತು ಗಮನಿಸಿ. ಒಂದು, 'ಕನಿಷ್ಠ ಒಬ್ಬರು'. ಅಮ್ಮನ ಪಕ್ಕ ಮಕ್ಕಳು, ಅಪ್ಪ ಹತ್ತು ಸಾಲು ಹಿಂದೆ ಅಂತಾದರೆ ಕಂಪನಿ ತನ್ನ ಕೆಲಸ ಮಾಡಿದ ಹಾಗೆಯೇ. ಮೂರು ಸೀಟಿನ ಸಾಲಿನಲ್ಲಿ ನಾಲ್ವರು ಹೇಗೂ ಹಿಡಿಸುವುದಿಲ್ಲ, ಅಲ್ವಾ? ನೀವು ಮತ್ತು ಯಜಮಾನರು ಒಬ್ಬೊಬ್ಬ ಮಗುವಿನ ಜೊತೆ ಎರಡು ಕಡೆ ಕೂರುವುದಕ್ಕೆ ತಯಾರಿದ್ದರೆ ಕೌಂಟರ್‌ನವರಿಗೂ ಸೀಟು ಹೊಂದಿಸುವುದು ಸುಲಭ.

ಎರಡನೆಯದು 'ಅದೇ ಪಿಎನ್‌ಆರ್'. ನನ್ನ ಕಣ್ಣೆದುರು ಕುಟುಂಬಗಳು ಸಿಕ್ಕಿಹಾಕಿಕೊಳ್ಳುತ್ತಿದ್ದುದು ಇದರಲ್ಲೇ ಜಾಸ್ತಿ. ಅಪ್ಪನ ಟಿಕೆಟ್ ಆಫೀಸಿನವರು ಮಾಡಿರುತ್ತಾರೆ. ಅಮ್ಮನದು, ದೊಡ್ಡವನದು ಒಂದು ಆ್ಯಪ್‌ನಲ್ಲಿ ಆಗಿರುತ್ತದೆ. ಚಿಕ್ಕವಳದನ್ನು ಆಮೇಲೆ ನೆನಪಾಗಿ ಬೇರೆ ಬುಕ್ ಮಾಡಿರುತ್ತಾರೆ. ಗಣಕಕ್ಕೆ ಆ ಚಿಕ್ಕವಳು ಯಾರ ಮಗಳೋ ಗೊತ್ತಾಗುವುದಿಲ್ಲ. ದರ ನೂರಿನ್ನೂರು ಹೆಚ್ಚಾದರೂ ಎಲ್ಲರದ್ದೂ ಒಂದೇ ಪಿಎನ್‌ಆರ್‌ನಲ್ಲಿ ಮಾಡಿ. ಮಗುವಿನ ಹುಟ್ಟಿದ ತಾರೀಕು ಸರಿಯಾಗಿ ಹಾಕಿ.

ಹಾಗಿದ್ದೂ ಬೇರೆ ಬೇರೆ ಸೀಟು ಬಂದರೆ ದುಡ್ಡು ಕಟ್ಟಿ ಬದಲಾಯಿಸಬೇಡಿ. ಕಂಪನಿಯ ಸಹಾಯವಾಣಿಗೆ ಅಥವಾ ಕೌಂಟರ್‌ಗೆ ಡಿಜಿಸಿಎಯ ಈ ಸೂಚನೆ ತೋರಿಸಿ. ಕೌಂಟರ್‌ನಲ್ಲಿರುವ ಹೊಸ ಹುಡುಗ ಹುಡುಗಿಗೆ ತಿಳಿಯದಿದ್ದರೆ ಡ್ಯೂಟಿ ಮ್ಯಾನೇಜರ್‌ರನ್ನು ಕರೆಸಿ. ಬೈಯಬೇಡಿ, ಬಿಟ್ಟುಕೊಡಲೂಬೇಡಿ.

ಕೈಗೂಸು ಇರುವವರಿಗೆ ಇನ್ನೊಂದು ವಿಷಯ. ಮೂರು ಸೀಟಿನ ಸಾಲಿನ ಮೇಲೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮಾಸ್ಕ್ ಇರುತ್ತವೆ. ಹಾಗಾಗಿ ಒಂದು ಸಾಲಿನ ಒಂದು ಬದಿಯಲ್ಲಿ ಮಡಿಲ ಮಗು ಒಂದೇ ಇರಬಹುದು. ಅಕ್ಕ ತಂಗಿ ಇಬ್ಬರೂ ಕೂಸು ಎತ್ತಿಕೊಂಡು ಒಟ್ಟಿಗೆ ಕೂರುತ್ತೇವೆ ಅಂದರೆ ಆಗದು. ಒಬ್ಬರು ಹಿಂದಿನ ಸಾಲಿಗೆ ಹೋಗಬೇಕಾಗುತ್ತದೆ. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ.

ಪ್ರಶ್ನೆ: ಕೊನೆ ಗಳಿಗೆಯವರೆಗೂ ಚೆಕ್-ಇನ್ ಮಾಡದೆ ಕಾದರೆ ಒಳ್ಳೆಯ ಸೀಟೇ ಉಚಿತವಾಗಿ ಸಿಗುತ್ತದೆ ಎಂದು ಗೆಳೆಯ ಹೇಳುತ್ತಾನೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಕೆಲವು ಸಲ ಸಿಗುತ್ತದೆ. ಉಚಿತದ ನಡುವಿನ ಸೀಟುಗಳು ಮೊದಲೇ ಖಾಲಿಯಾಗುತ್ತವೆ. ಕೊನೆಗೆ ಉಳಿಯುವುದು ಯಾರೂ ದುಡ್ಡು ಕೊಟ್ಟು ಕೊಳ್ಳದ ಕಿಟಕಿಯ ಸೀಟು, ದಾರಿಯ ಪಕ್ಕದ ಸೀಟು. ಉಳಿದ ಪ್ರಯಾಣಿಕರನ್ನು ಅಲ್ಲೇ ಕೂರಿಸಬೇಕಲ್ಲ.

ಆದರೆ ಕಂಪನಿಗಳು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದೂ ಉಂಟು. ಎಲ್ಲರೂ ಬಂದುಬಿಟ್ಟರೆ ಹೊರಗುಳಿಯುವ ಸಾಧ್ಯತೆ ಹೆಚ್ಚಿರುವುದು ಕೊನೆಯಲ್ಲಿ ಬಂದವರಿಗೇ. ಸಮಯಕ್ಕೆ ಬಂದಿದ್ದೂ ಹತ್ತಿಸಿಕೊಳ್ಳದಿದ್ದರೆ ಡಿಜಿಸಿಎ ನಿಯಮದಲ್ಲಿ ಪರಿಹಾರವಿದೆ. 1 ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗಿನದು ಕೊಟ್ಟರೆ 10,000 ರೂಪಾಯಿವರೆಗೆ, ಅದಕ್ಕೂ ತಡವಾದರೆ 20,000 ರೂಪಾಯಿವರೆಗೆ ಕೊಡಬೇಕು. ಒಬ್ಬರೇ ಹೋಗುತ್ತಿದ್ದು, ಅವಸರ ಇಲ್ಲದಿದ್ದರೆ ಕಾದು ನೋಡಿ. ಮದುವೆಗೆ, ಪರೀಕ್ಷೆಗೆ ಹೊರಟಿದ್ದರೆ ಅಥವಾ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಬೇಡವೇ ಬೇಡ.

ಪ್ರಶ್ನೆ: ಶಿವಮೊಗ್ಗ–ಬೆಂಗಳೂರು ವಿಮಾನದಲ್ಲಿ ಬೇಗ ಇಳಿಯಲು ಮುಂದಿನ ಸೀಟಿಗೆ ದುಡ್ಡು ಕೊಡಬಹುದಾ?
— ಅಡಿಕೆ ವ್ಯಾಪಾರಿ, ತೀರ್ಥಹಳ್ಳಿ

ಉತ್ತರ: ಟಿಕೆಟ್‌ನಲ್ಲಿ ಎಟಿಆರ್ (ಪ್ರೊಪೆಲರ್ ಇರುವ ಚಿಕ್ಕ ವಿಮಾನ) ಎಂದಿದ್ದರೆ ಖಂಡಿತ ಕೊಡಬೇಡಿ. 2023ರ ಆಗಸ್ಟ್ 31ರಂದು ಶಿವಮೊಗ್ಗದಲ್ಲಿ ಇಳಿದ ಮೊದಲ ಪ್ರಯಾಣಿಕ ವಿಮಾನವೂ ಅದೇ ಜಾತಿಯದು. ಎಟಿಆರ್‌ನಲ್ಲಿ ಪ್ರಯಾಣಿಕರು ಹತ್ತುವ ಇಳಿಯುವ ಬಾಗಿಲು ಹಿಂದೆ ಇದೆ. ಮುಂದೆ ಇರುವುದು ಸಾಮಾನಿನ ಜಾಗ. ಮುಂದೆ ಕೂತವರು ಕೊನೆಗೆ ಇಳಿಯುತ್ತಾರೆ. ಪ್ರೊಪೆಲರ್ ಸದ್ದೂ ಮುಂದಿನ ಸಾಲುಗಳಿಗೇ ಜಾಸ್ತಿ. ಎರಡು-ಎರಡು ಸೀಟಿನ ಸಾಲಾದ್ದರಿಂದ ನಡುವಿನ ಸೀಟು ಎನ್ನುವುದೇ ಇಲ್ಲ. ರೆಕ್ಕೆ ತಲೆಯ ಮೇಲೆ ಇರುವುದರಿಂದ ಕಿಟಕಿ ಸಿಕ್ಕರೆ ಮಲೆನಾಡು ಚೆನ್ನಾಗಿ ಕಾಣುತ್ತದೆ. ಸುಮ್ನೆ ಕೊಟ್ಟ ಸೀಟು ತಗೊಂಡು ಕೂರಿ.

ಪ್ರಶ್ನೆ: ಟಿಕೆಟ್ ಬುಕ್ ಮಾಡುವಾಗ ನಾನು ಕೇಳದೆಯೇ ಸೀಟಿನ ದುಡ್ಡು ಬಿಲ್ಲಿಗೆ ಸೇರಿತ್ತು. ಯಾರಿಗೆ ಹೇಳಬೇಕು?
— ಓದುಗರು, ತುಮಕೂರು

ಉತ್ತರ: ಕೇಳದ್ದನ್ನು ಬಿಲ್ಲಿಗೆ ತುರುಕುವುದು ತಪ್ಪು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ಮೋಸದ ತಂತ್ರಗಳಲ್ಲಿ ಇದೂ ಒಂದು. ವಿಮಾನದ ಸೀಟು ಆರಿಸುವ ಸೇವೆಯನ್ನು ಗ್ರಾಹಕ ತಾನಾಗಿ ಒಪ್ಪಿದರೆ ಮಾತ್ರ ಸೇರಿಸಬೇಕು ಎಂದು ಡಿಜಿಸಿಎ ಕೂಡ ಹೇಳಿದೆ. ಪರದೆಯ ಚಿತ್ರ, ಬಿಲ್ಲು ಇಟ್ಟುಕೊಳ್ಳಿ. ಮೊದಲು ಕಂಪನಿಗೆ ಬರೆಯಿರಿ. ಬಗ್ಗದಿದ್ದರೆ ವಿಮಾನಯಾನ ಸಚಿವಾಲಯದ ದೂರು ತಾಣವಾದ ಏರ್‌ಸೇವಾದಲ್ಲಿ ದೂರು ಹಾಕಿ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸಣ್ಣ ಮೊತ್ತ ಎಂದು ಬಿಡಬೇಡಿ.

ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿ ಓದುತ್ತಿದ್ದಾಳೆ. ರಜೆಗೆ ಅಲ್ಲಿಯ ಕಡಿಮೆ ದರದ ವಿಮಾನ ಕಂಪನಿ ರಯಾನ್‌ಏರ್‌ನಲ್ಲಿ ರೋಮ್‌ಗೆ ಹೋಗುತ್ತಾಳಂತೆ. ಇಲ್ಲಿಯ ಹಾಗೆ ಕೌಂಟರ್‌ನಲ್ಲೇ ಸೀಟು ಕೇಳಬಹುದಾ?
— ಗೃಹಿಣಿ, ಹಾಸನ

ಉತ್ತರ: ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ನಮ್ಮ ದೇಶದ ನಿಯಮ ಅಲ್ಲಿ ನಡೆಯುವುದಿಲ್ಲ. ಆನ್‌ಲೈನ್ ಚೆಕ್-ಇನ್ ಮಾಡದೆ ಕೌಂಟರ್‌ಗೆ ಹೋದರೆ ರಯಾನ್‌ಏರ್ 55 ಯೂರೋ ಹಾಕುತ್ತದೆ. ಒಮ್ಮೊಮ್ಮೆ ಅದು ಟಿಕೆಟ್‌ಗಿಂತಲೂ ಹೆಚ್ಚು! ಸೀಟಿಗೆ ದುಡ್ಡು ಕಟ್ಟದವರಿಗೆ ಚೆಕ್-ಇನ್ ತೆರೆಯುವುದು 24 ಗಂಟೆ ಮೊದಲು, ಮುಚ್ಚುವುದು 2 ಗಂಟೆ ಮೊದಲು. ಅದರೊಳಗೆ ಮಾಡಿದರೆ ಯಾವುದೋ ಒಂದು ಸೀಟು ಪುಕ್ಕಟೆ ಬರುತ್ತದೆ. 2025ರ ನವೆಂಬರ್‌ನಿಂದ ಬೋರ್ಡಿಂಗ್ ಪಾಸ್ ಅವರ ಆ್ಯಪ್‌ನಲ್ಲೇ, ಕಾಗದದ್ದು ಇಲ್ಲ. ಫೋನ್ ಚಾರ್ಜ್ ಇರಲಿ. ವೀಸಾ ತಪಾಸಣೆ ಮಾಡಿಸಿಕೊಳ್ಳಿ ಎಂದು ಪಾಸ್‌ನಲ್ಲಿ ಬರೆದಿದ್ದರೆ ಪಾಸ್‌ಪೋರ್ಟ್ ಹಿಡಿದು ಅದಕ್ಕೆ ಮಾತ್ರ ಕೌಂಟರ್‌ಗೆ ಹೋಗಲಿ. ವಾಪಸ್ ಬರುವ ಟಿಕೆಟ್‌ಗೆ ಬೇರೆಯಾಗಿ ಚೆಕ್-ಇನ್ ಮಾಡಬೇಕು ಎನ್ನುವುದನ್ನೂ ನೆನಪಿಸಿ. ರಜೆಯ ಗಡಿಬಿಡಿಯಲ್ಲಿ ಮಕ್ಕಳು ಮರೆಯುವುದು ಅದನ್ನೇ.

ಪ್ರಶ್ನೆ: ಅಪ್ಪನಿಗೆ ಬಲ ಮಂಡಿ ನೋವು, ಕಾಲು ಮಡಚಿ ತುಂಬಾ ಹೊತ್ತು ಕೂರಲಾರರು. ದುಡ್ಡು ಉಳಿಸಲು ಹೋಗಿ ತೊಂದರೆಯಾಗುತ್ತದಾ? ಒಳಗೆ ಹೋದ ಮೇಲೆ ಸೀಟು ಬದಲಾಯಿಸಬಹುದಾ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಒಳಗೆ ಬದಲಾಯಿಸುವುದನ್ನು ನಂಬಿಕೊಂಡು ಹೋಗಬೇಡಿ. ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿದ್ದರೆ ಸಿಬ್ಬಂದಿಯನ್ನು ಕೇಳಬಹುದು. ತೂಕ ಎಲ್ಲೆಲ್ಲಿ ಇದೆ ಎನ್ನುವ ಲೆಕ್ಕ ಹಾಕಿಯೇ ವಿಮಾನ ಹೊರಡುವುದರಿಂದ ಕೇಳದೆ ಮಾತ್ರ ಎದ್ದು ಹೋಗಬಾರದು. ಚಿಕ್ಕ ವಿಮಾನದಲ್ಲಂತೂ ಸಿಬ್ಬಂದಿ ಬೇಡ ಅಂದರೆ ಅದಕ್ಕೆ ಸರಿಯಾದ ಕಾರಣವಿರುತ್ತದೆ.

ನಿಮ್ಮ ತಂದೆಯವರ ವಿಷಯದಲ್ಲಿ ನನ್ನ ಸಲಹೆ ಬೇರೆ: ದುಡ್ಡು ಕೊಟ್ಟುಬಿಡಿ, ಅವರೊಬ್ಬರ ಸೀಟಿಗೆ ಮಾತ್ರ. ನಿಮ್ಮದನ್ನು ಕೌಂಟರ್‌ನಲ್ಲಿ ಕೇಳಿಕೊಳ್ಳಿ. ನಡೆಯುವುದು ಕಷ್ಟವಾದರೆ ಗಾಲಿಕುರ್ಚಿ ಬೇಕೆಂದು ಬುಕ್ ಮಾಡುವಾಗಲೇ, ತಡವೆಂದರೆ 48 ಗಂಟೆ ಮೊದಲು ತಿಳಿಸಿ. ಕಾಲಿಗೆ ಜಾಗ ಜಾಸ್ತಿ ಎಂದು ತುರ್ತು ಬಾಗಿಲಿನ ಸಾಲು ಕೊಳ್ಳಬೇಡಿ. ಅಲ್ಲಿ ಕೂರುವವರು ಬೇಕಾದಾಗ ಆ ಬಾಗಿಲು ತೆಗೆಯಲು ಶಕ್ತರಿರಬೇಕು. ಮಂಡಿ ನೋವಿನವರನ್ನು ಸಿಬ್ಬಂದಿ ಎಬ್ಬಿಸುತ್ತಾರೆ. ಮೂರು-ಮೂರು ಸೀಟಿನ ವಿಮಾನದಲ್ಲಿ ದಾರಿಯ ಪಕ್ಕ ಸಿ, ಡಿ ಎರಡೂ ಇವೆ. ಬಲ ಮಂಡಿ ಅಂದಿರಲ್ಲ, ಸಿ ತೆಗೆದುಕೊಳ್ಳಿ. ಅಲ್ಲಿ ಕೂತರೆ ಬಲಗಾಲು ದಾರಿಯ ಕಡೆಗೆ ಬರುತ್ತದೆ, ಊಟದ ಗಾಡಿ ಬರದ ಹೊತ್ತಿನಲ್ಲಿ ನೀಡಿ ಕೂರಬಹುದು.