ಮಳೆಗಾಲದಲ್ಲಿ ಹಾಸನದಿಂದ ಪುಣೆಗೆ ಮನೆ ಸಾಮಾನು ಸಾಗಿಸಬೇಕು. ಪ್ಯಾಕಿಂಗ್ ಎಲ್ಲಿಂದ ಶುರು ಮಾಡಲಿ?

ಜುಲೈ ತಿಂಗಳು, ಎರಡು ರೂಮಿನ ಮನೆ, ಅತ್ತೆಯವರ ಬೀಟೆ ಮಂಚ, ಎಷ್ಟು ಡಬ್ಬ ಬೇಕು, ಎಷ್ಟು ದಿನ ಮುಂಚೆ ಕಟ್ಟಲು ಕೂರಬೇಕು, ಪ್ಯಾಕರ್ಸ್ ಕರೆಯಬೇಕಾ ಲಾರಿ ಮಾತಾಡಬೇಕಾ, ಘಾಟಿ ಬಂದ್ ಆದರೆ ಏನು ಗತಿ. ಎಲ್ಲ ನಾನೂ ಕೇಳಿದ್ದ ಪ್ರಶ್ನೆಗಳೇ. ನಾವು ಹೊರಟಿದ್ದು ಚಿಕ್ಕಮಗಳೂರಿನಿಂದ, ಹೋಗಿದ್ದು ನೀವು ಹೋಗುತ್ತಿರುವ ಪುಣೆಗೇ, ಅದೂ ಮಳೆ ಹಿಡಿದ ಮೇಲೆ.

ಮೊದಲು ಘಾಟಿ ವಿಷಯ ಮುಗಿಸಿಬಿಡುತ್ತೇನೆ. ಶಿರಾಡಿ, ಚಾರ್ಮಾಡಿ ನಿಮ್ಮ ದಾರಿಯಲ್ಲೇ ಇಲ್ಲ. ಅವು ಮಂಗಳೂರಿಗೆ ಇಳಿಯುವವರ ತಲೆನೋವು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದಿದ್ದನ್ನು ಟಿವಿಯಲ್ಲಿ ನೋಡಿ ನೀವು ಹೆದರಿದ್ದೀರಿ, ಅಷ್ಟೇ. ನಿಮ್ಮ ಲಾರಿ ಅರಸೀಕೆರೆ ಕಡೆಯಿಂದ ಹೋಗಿ ಎನ್‌ಎಚ್ 48 ಹಿಡಿಯುತ್ತದೆ. ಆಮೇಲೆ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ. ಘಾಟಿ ಅಂತ ಹೇಳಿಕೊಳ್ಳುವಂಥದ್ದು ಸಿಗುವುದು ಸಾತಾರಾ ದಾಟಿ ಖಂಬಾಟ್ಕಿ. ಅಷ್ಟು ಉದ್ದದ ಹೈವೇ ನಿಮ್ಮ ಸಾಮಾನಿಗೆ ಏನೂ ಮಾಡುವುದಿಲ್ಲ. ಹಾಳು ಮಾಡುವುದು ಎರಡೂ ತುದಿಯ ಇನ್ನೂರು ಮೀಟರ್. ಹಾಗಾಗಿ ಡಬ್ಬದ ಲೆಕ್ಕ ಆಮೇಲೆ ಹಾಕಿ. ನಿಮ್ಮ ಮನೆ ಬಾಗಿಲಿಗೆ ಲಾರಿ ಬರುತ್ತದಾ? ಇದನ್ನು ನೀವು ಎಲ್ಲೂ ಬರೆದಿಲ್ಲ.

ನಮ್ಮದು ಕೋಟೆ ಕಡೆಯ ಹಳೇ ಮನೆ. ರಸ್ತೆಯಿಂದ ಒಳಗೆ ಒಂದು ಗಲ್ಲಿ. ಗಲ್ಲಿ ಶುರುವಾಗುವ ಕಡೆ ಚರಂಡಿ ಮೇಲೆ ಕಲ್ಲು ಚಪ್ಪಡಿ, ತಲೆ ಮೇಲೆ ಜೋತುಬಿದ್ದ ಕರೆಂಟ್ ವೈರು. ನೀರಿನ ಟ್ಯಾಂಕರ್ ಒಳಗೆ ಬರುವುದಿಲ್ಲ. ಗ್ಯಾಸಿನ ಗಾಡಿ ಮೂಲೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ, ನಾವೇ ಹುಡುಗನಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟು ಉರುಳಿಸಿಕೊಂಡು ಬರುತ್ತೇವೆ. ಇದೆಲ್ಲ ನನಗೆ ಮದುವೆಯಾಗಿ ಬಂದ ದಿನದಿಂದ ಗೊತ್ತು. ಗೊತ್ತಿದ್ದೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಹೇಳುವುದಿಲ್ಲ ಅಂತ ನನಗೆ ಅನುಮಾನ. ಸರ್ವೆಗೆ ಅಂತ ಬಂದ ಹುಡುಗ ಬೈಕಿನಲ್ಲಿ ಬಂದ. ಬೈಕಿಗೆ ಯಾವ ಗಲ್ಲಿಯಾದರೂ ಗಲ್ಲಿಯೇ ಅಲ್ಲ. ಫ್ರಿಜ್ ನೋಡಿದ, ಬೀರು ನೋಡಿದ, ಮಂಚ ತಟ್ಟಿದ, ಪುಸ್ತಕದ ಕಪಾಟು ನೋಡಿ ಮುಖ ಕಿವುಚಿದ. "ಗ್ರೌಂಡ್ ಫ್ಲೋರ್ ಅಲ್ವಾ ಅಕ್ಕಾ, ಸಲೀಸು" ಅಂದ. ನಾನು ಕಾಫಿ ಕೊಟ್ಟೆ, ರೇಟು ಕಡಿಮೆ ಮಾಡು ಅಂದೆ. ಗಲ್ಲಿ ಅವನೇ ನೋಡಿಕೊಂಡು ಬಂದಿದ್ದಾನಲ್ಲ, ಮತ್ತೆ ನೆನಪಿಸಿದರೆ ರೇಟು ಏರಿಸುತ್ತಾನೆ ಅನ್ನುವುದು ನನ್ನ ಜಾಣತನ. ಚೌಕಾಸಿ ಜೋರಾದಾಗ ಅವನು, "ಬೇರೆಯವರ ಲೋಡ್ ಜೊತೆ ಹಾಕೋಣ ಅಕ್ಕಾ, ಪಾರ್ಟ್ ಲೋಡ್, ಆಗ ಕಡಿಮೆ ಬೀಳುತ್ತೆ" ಅಂದ. ನನಗೆ ಖುಷಿಯೋ ಖುಷಿ. ಪಾರ್ಟ್ ಲೋಡ್ ಅಂದರೆ ನಾಲ್ಕು ಮನೆಯ ಸಾಮಾನು ಒಂದೇ ಗಾಡಿಯಲ್ಲಿ, ಅಂದರೆ ಗಾಡಿ ದೊಡ್ಡದು. ಬರೀ ನಮ್ಮ ಮನೆಗಾದರೆ ಹದಿನಾಲ್ಕು ಅಡಿಯ ಐಷರ್ ಸಾಕಾಗುತ್ತಿತ್ತು, ತಿಣುಕಿ ಗಲ್ಲಿ ತುದಿವರೆಗಾದರೂ ಬರುತ್ತಿತ್ತು. ಅಂದರೆ ನನ್ನ ಚೌಕಾಸಿಯೇ ಆ ಉದ್ದದ ಕಂಟೇನರನ್ನು ಊರಿಗೆ ಕರೆಸಿದ್ದು.

ಕಂಟೇನರ್ ಬಂದು ಕೆ.ಎಂ. ರೋಡಿನಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು ಗಲ್ಲಿ ನೋಡಿ, ನನ್ನ ಮುಖ ನೋಡಿ, ಬೀಡಿ ಹಚ್ಚಿದ. ಆಮೇಲೆ ಗೂಡ್ಸ್ ಆಟೋ ಕರೆಸಿದ್ದು ನಾನೇ, ದುಡ್ಡು ಕೊಟ್ಟಿದ್ದೂ ನಾನೇ. ಮನೆಯಿಂದ ಆಟೋಗೆ, ಆಟೋದಿಂದ ಕಂಟೇನರಿಗೆ, ಪ್ರತಿ ಸಾಮಾನು ಎರಡೆರಡು ಸಲ ಏರಿ ಇಳಿಯಿತು. ದಿನ ಮುಂದೆ ಹಾಕುವ ಹಾಗೂ ಇರಲಿಲ್ಲ. ಆಷಾಢ ಹುಟ್ಟುವುದರೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸಲೇಬೇಕು ಅಂತ ಅಮ್ಮ ಪಟ್ಟು ಹಿಡಿದಿದ್ದರು. (ಜುಲೈ ಅಂತೀರಿ, ನಿಮ್ಮ ಮನೆಯಲ್ಲಿ ಈ ಮಾತು ಇನ್ನೂ ಎದ್ದಿಲ್ಲ ಅಂದರೆ ಏಳುತ್ತದೆ, ಕಾದಿರಿ.) ಮಧ್ಯಾಹ್ನ ಮೋಡ ಕವಿದು ಒಂದೇ ಸಮನೆ ಸುರಿಯತೊಡಗಿತು. ಆಟೋಗೆ ಮೇಲೆ ಹೊದಿಕೆ ಇಲ್ಲ, ಟಾರ್ಪಾಲ್ ಕಂಟೇನರಿನಲ್ಲೇ ಉಳಿದಿತ್ತು. ಹಾಸಿಗೆ ನೆನೆಯಿತು, ಪುಸ್ತಕದ ಡಬ್ಬದ ತಳ ನೆನೆಯಿತು, ಪಾತ್ರೆಗೆ ಸುತ್ತಿದ್ದ ಕಾಫಿ ಗೋಣಿಚೀಲವೆಲ್ಲ ನೀರು ಕುಡಿದು ಭಾರವಾಯಿತು.

ನೆನೆದದ್ದು ದೊಡ್ಡ ವಿಷಯ ಅಲ್ಲ. ಮಲೆನಾಡಿನವರು ನಾವು, ನೆನೆದದ್ದನ್ನು ಒಣಗಿಸುವುದು ಗೊತ್ತು. ಆದರೆ ಆ ಹಮಾಲಿಗಳು ಒಳ್ಳೆಯವರು ನೋಡಿ, ಇನ್ನೂ ನೆನೆಯದಿರಲಿ ಅಂತ ಒದ್ದೆ ಹಾಸಿಗೆಯ ಮೇಲೆಯೇ ಪ್ಲಾಸ್ಟಿಕ್ ಫಿಲ್ಮ್ ಬಿಗಿಯಾಗಿ ಸುತ್ತಿದರು. ಡಬ್ಬಗಳಿಗೂ ಅಷ್ಟೇ. ನೀರು ಒಳಗೇ ಉಳಿಯಿತು. ಪಾರ್ಟ್ ಲೋಡ್ ಆದ್ದರಿಂದ ನೇರ ಹೋಗಲಿಲ್ಲ, ಹುಬ್ಬಳ್ಳಿಯ ಒಂದು ಗೋಡೌನಿನಲ್ಲಿ ಬೇರೆ ಲೋಡಿಗೆ ಕಾಯುತ್ತಾ ಕೂತಿತು. ಮುಚ್ಚಿದ ತಗಡಿನ ಪೆಟ್ಟಿಗೆ, ಒಳಗೆ ಒದ್ದೆ ಹತ್ತಿ, ಮೇಲೆ ಬಯಲುಸೀಮೆಯ ಸೆಕೆ. ಬೂಷ್ಟು ಬೆಳೆಯಲು ಇನ್ನೇನು ಬೇಕು?

ಪುಣೆಯಲ್ಲಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಹಾಸಿಗೆಯ ಒಂದು ಮಗ್ಗುಲು ಪೂರ್ತಿ ಕಪ್ಪು ಚುಕ್ಕಿ. ಪುಸ್ತಕಗಳ ಬೆನ್ನ ಮೇಲೆ ಬೂದು ಬಣ್ಣದ ನವಿರು. ಪ್ಲೈವುಡ್ ಕಪಾಟಿನ ತಳ ಉಬ್ಬಿ ಬಾಗಿಲು ಹಾಕಲು ಬರಲಿಲ್ಲ. ಮದುವೆ ಆಲ್ಬಂ ಪುಸ್ತಕದ ಡಬ್ಬದಲ್ಲೇ ಇತ್ತು. ಹಾಳೆಗಳ ನಡುವೆ ತೆಳ್ಳನೆಯ ಬಟರ್ ಪೇಪರ್ ಇರುತ್ತದಲ್ಲ, ಅದು ಫೋಟೋಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದರೆ ಪೇಪರಿನ ಜೊತೆ ಫೋಟೋದ ಬಣ್ಣವೂ ಎದ್ದು ಬಂತು. ಧಾರೆಯ ಫೋಟೋದಲ್ಲಿ ನಮ್ಮ ಮಾವನವರ ಕೈ, ತಂಬಿಗೆ ಉಳಿದಿವೆ, ಮುಖವಿಲ್ಲ. ನೆಗೆಟಿವ್ ಕೇಳೋಣ ಅಂದರೆ ಆ ಸ್ಟುಡಿಯೋ ಯಾವಾಗಲೋ ಮುಚ್ಚಿತ್ತು.

ಪರಿಹಾರ ಕೇಳಿದೆ. "ಇನ್ಶೂರೆನ್ಸ್" ಅಂತ ಬಿಲ್ಲಿನಲ್ಲಿ ದುಡ್ಡು ಹಿಡಿದಿದ್ದರು, ಆದರೆ ಅದು ಯಾವ ಇನ್ಶೂರೆನ್ಸ್ ಕಂಪನಿಯ ಪಾಲಿಸಿಯೂ ಅಲ್ಲ, ಅವರದೇ ಒಂದು ಚಾರ್ಜು. ಮೇಲೆ ಸಾಮಾನು ಇಳಿಸಿದ ರಾತ್ರಿ ನಮ್ಮೆಜಮಾನರು "ಸುಸ್ಥಿತಿಯಲ್ಲಿ ತಲುಪಿದೆ" ಅನ್ನುವ ಹಾಳೆಗೆ ಸಹಿ ಮಾಡಿಬಿಟ್ಟಿದ್ದರು, ಒಂದು ಡಬ್ಬವನ್ನೂ ಬಿಚ್ಚದೆ. ಆ ಜಗಳ ಇಲ್ಲಿ ಬೇಡ, ನನಗೆ ಬಿಪಿ ಏರುತ್ತದೆ. ನೀವು ಮಾತ್ರ ಇನ್ಶೂರೆನ್ಸ್ ಕಂಪನಿಯ ಹೆಸರಿರುವ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಆ ದುಡ್ಡು ಕೊಡಬೇಡಿ. ಇಳಿಸಿದ ಮೇಲೆ ಸಹಿ ಹಾಕಲೇಬೇಕಾದರೆ "ಡಬ್ಬ ಬಿಚ್ಚಿ ನೋಡಿಲ್ಲ" ಅಂತ ಕೈಯಲ್ಲಿ ಬರೆದು ಹಾಕಿ, ಫೋಟೋ ತೆಗೆದುಕೊಳ್ಳಿ. ಲಾರಿ ರಸೀದಿ ಜೋಪಾನ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಕೋರ್ಟಿಗೆ ಹೋಗುವ ಮೊದಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಬಾಯಲ್ಲಿ ಬೈದರೆ, ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರ ಕಳಿಸಿದರೆ ಲೆಕ್ಕಕ್ಕಿಲ್ಲ.

ಈಗ ನಿಮ್ಮ ವಿಷಯ. ಇವತ್ತೇ ಸಂಜೆ ದೊಡ್ಡ ರಸ್ತೆಯಿಂದ ನಿಮ್ಮ ಬಾಗಿಲವರೆಗೆ ನಡೆಯುತ್ತಾ ಒಂದು ವಿಡಿಯೋ ಮಾಡಿ. ವೈರು, ಮರದ ಕೊಂಬೆ, ತಿರುವು, ಚಪ್ಪಡಿ ಎಲ್ಲ ಕಾಣಲಿ. ಪುಣೆಯ ಮನೆ ಮಾಲೀಕರಿಂದಲೂ ಅಂಥದ್ದೇ ಒಂದು ತರಿಸಿಕೊಳ್ಳಿ. ಎರಡನ್ನೂ ಲಾರಿಯವನಿಗೆ ಕಳಿಸಿ, ಎಷ್ಟು ಅಡಿಯ ಗಾಡಿ ತರುತ್ತೀಯ, ಬಾಗಿಲಿಗೆ ಬರುತ್ತದಾ, ಬರದಿದ್ದರೆ ಸಣ್ಣ ಗಾಡಿಯ ಖರ್ಚು ಯಾರದು ಅಂತ ಬರೆದು ಕೇಳಿ. "ನೋಡ್ಕೊಳೋಣ ಬಿಡಿ ಮೇಡಂ" ಅಂದರೆ ಅವನನ್ನು ಬಿಡಿ. ಪುಣೆಯ ಸೊಸೈಟಿಗಳಲ್ಲಿ ಸಾಮಾನು ಇಳಿಸಲು ಹೊತ್ತು ಗೊತ್ತು ಮಾಡಿರುತ್ತಾರೆ. ಲಿಫ್ಟಿಗೆ ಬೇರೆ ಅನುಮತಿ, ಕೆಲವು ಕಡೆ ಡೆಪಾಸಿಟ್. ನಮ್ಮ ಗಾಡಿ ಸಂಜೆ ಮುಟ್ಟಿತು, ವಾಚ್‌ಮನ್ ಗೇಟು ತೆಗೆಯಲಿಲ್ಲ. ಸೆಕ್ರೆಟರಿಯನ್ನು ಹುಡುಕಿ, ಕಾಡಿ ಬೇಡಿ ಒಪ್ಪಿಸುವಷ್ಟರಲ್ಲಿ ರಾತ್ರಿಯಾಯಿತು. ಆ ಸಹಿ ಬಿದ್ದದ್ದು ಅದೇ ಸುಸ್ತಿನಲ್ಲಿ. ಗಾಡಿ ಕಾದು ನಿಂತಿದ್ದಕ್ಕೆ ಹಾಲ್ಟಿಂಗ್ ಚಾರ್ಜು ಬೇರೆ ಹಾಕಿದರು.

ಪ್ಯಾಕರ್ಸಾ ಲಾರಿಯಾ ಅನ್ನುವುದು ನನ್ನ ಮಟ್ಟಿಗೆ ಪ್ರಶ್ನೆಯೇ ಅಲ್ಲ. ಯಾರೇ ಆಗಲಿ, ಮಳೆಗಾಲದಲ್ಲಿ ಫುಲ್ ಲೋಡ್ ಮಾಡಿ, ಸಣ್ಣ ಗಾಡಿ, ನಿಮ್ಮ ಸಾಮಾನು ಮಾತ್ರ, ನೇರ ಪುಣೆಗೆ. ದುಡ್ಡು ಜಾಸ್ತಿ, ಹೌದು. ಅದನ್ನು ಸಾಮಾನು ಕಡಿಮೆ ಮಾಡಿ ಹೊಂದಿಸಿ. ಪ್ಲೈವುಡ್ ಕಪಾಟು, ಹಳೇ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ ಎಲ್ಲ ಮಾರಿ ಇಲ್ಲವೇ ಕೊಟ್ಟುಬಿಡಿ. ದಾರಿಯಲ್ಲಿ "ಬಾರ್ಡರ್ ಟ್ಯಾಕ್ಸ್, ಆಕ್ಟ್ರಾಯ್" (ಊರೊಳಗೆ ಸರಕು ತರಲು ಕಟ್ಟುತ್ತಿದ್ದ ಸುಂಕ) ಅಂತ ಫೋನ್ ಬಂದರೆ ಒಂದು ಪೈಸೆಯನ್ನೂ ಕಳಿಸಬೇಡಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅವು ಹೋದವು, ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಇ-ವೇ ಬಿಲ್ಲೂ ಬಳಸಿದ ಮನೆ ಸಾಮಾನಿಗೆ ಬೇಡ.

ಕಟ್ಟುವುದಕ್ಕೆ ನಿಯಮ ಒಂದೇ: ಒದ್ದೆಯಾದದ್ದನ್ನು, ತೇವ ಇರುವುದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಬಾಗಿಲು ತೆರೆದಿಡಿ. ಪುಸ್ತಕಕ್ಕೆ ಸಣ್ಣ ಡಬ್ಬ, ದೊಡ್ಡದಕ್ಕೆ ತುಂಬಿದರೆ ತಳ ಕಳಚುತ್ತದೆ. ಪಾತ್ರೆಗೆ ಹಳೇ ಪಂಚೆ, ಸೀರೆ ಸುತ್ತಿ, ಗೋಣಿಚೀಲ ಬೇಡ. ಗ್ರೈಂಡರಿನ ಕಲ್ಲು ತೆಗೆದು ಬೇರೆ ಕಟ್ಟಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಇದ್ದರೆ ಹಿಂದುಗಡೆ ಡ್ರಮ್ ಅಲುಗದಂತೆ ಹಿಡಿಯುವ ಉದ್ದನೆಯ ಬೋಲ್ಟುಗಳನ್ನು ಹಾಕಬೇಕು. ಹೊಸದರಲ್ಲಿ ಬಂದ ಮೆಕ್ಯಾನಿಕ್ ಬಿಚ್ಚಿ ಕೈಗೆ ಕೊಟ್ಟಿರುತ್ತಾನೆ, ನೀವು ಯಾವುದೋ ಡ್ರಾಯರಿಗೆ ಎಸೆದಿರುತ್ತೀರಿ. ಈಗಲೇ ಹುಡುಕಿ. ಉಪ್ಪಿನಕಾಯಿ ಭರಣಿ ದಯವಿಟ್ಟು ಲಾರಿಗೆ ಹಾಕಬೇಡಿ. ಆಲ್ಬಂ, ಒಡವೆ, ಮಕ್ಕಳ ಟಿಸಿ, ಎಲ್ಲ ಮೂಲ ಕಾಗದ, ಹಾಲುಕ್ಕಿಸಲು ಒಂದು ಪಾತ್ರೆ, ಒಂದು ಇಂಡಕ್ಷನ್ ಒಲೆ, ಕಾಫಿ ಪುಡಿ ನಿಮ್ಮ ಜೊತೆಯೇ ಬರಲಿ.

ಗ್ಯಾಸ್ ಸಿಲಿಂಡರ್ ಸಾಗಿಸುವ ಯೋಚನೆ ಬೇಡ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟರೆ ಡೆಪಾಸಿಟ್ ಕೊಟ್ಟು ಟರ್ಮಿನೇಷನ್ ವೋಚರ್ ಬರೆದುಕೊಡುತ್ತಾರೆ, ಅದನ್ನು ಪುಣೆಯಲ್ಲಿ ಕೊಟ್ಟರೆ ಕನೆಕ್ಷನ್ ಆಗುತ್ತದೆ. ಅಲ್ಲಿ ವಿಳಾಸದ ಪುರಾವೆಗೆ ಬಾಡಿಗೆ ಕರಾರು ಬೇಕು. ಮಹಾರಾಷ್ಟ್ರದಲ್ಲಿ ಅದು ರಿಜಿಸ್ಟರ್ ಆಗಲೇಬೇಕು, ನಮ್ಮ ಕಡೆಯ ಹಾಗೆ ಹನ್ನೊಂದು ತಿಂಗಳಿಗೆ ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ಮುಗಿಸಲು ಆಗುವುದಿಲ್ಲ. ಸ್ಕೂಟರ್ ಹಾಕುವುದಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಅಲ್ಲೇ ಇರುವುದಾದರೆ ಕೆಎ 13 ನಂಬರ್ ಬದಲಾಯಿಸಬೇಕು, ಅದಕ್ಕೆ ಹಾಸನ ಆರ್‌ಟಿಒದಿಂದ ಎನ್‌ಒಸಿ ಬೇಕಾಗುತ್ತದೆ. ಊರಲ್ಲಿರುವಾಗಲೇ ಅರ್ಜಿ ಹಾಕಿ, ಅದಕ್ಕೋಸ್ಕರ ಮತ್ತೆ ಬರುವುದು ದಂಡ.

ಇನ್ನೊಂದು, ನೀವು ಕೇಳದೇ ಇರುವುದು. ಎಲ್ಲರೂ ಎಲ್ಲ ಸಾಮಾನಿನ ಜೊತೆ ಒಂದೇ ದಿನ ಹೋಗಬೇಕು ಅಂತ ಯಾರು ಹೇಳಿದ್ದು? ನಿಮ್ಮವರು ಡ್ಯೂಟಿಗೆ ಸೇರಲಿ, ಎರಡು ಸೂಟ್‌ಕೇಸಿನಲ್ಲಿ ಒಂದು ರೂಮು ಹಿಡಿದು ಇರಲಿ. ಮಕ್ಕಳ ಶಾಲೆ ಅಡ್ಡ ಬರದಿದ್ದರೆ ಸಾಮಾನು ದಸರಾ ರಜೆಯಲ್ಲಿ ಹೋಗಲಿ. ಅಷ್ಟರಲ್ಲಿ ಮಳೆಯೂ ಇಳಿದಿರುತ್ತದೆ, ಅವರಿಗೂ ಯಾವ ಏರಿಯಾ ಆಫೀಸಿಗೆ ಹತ್ತಿರ ಅಂತ ಗೊತ್ತಾಗಿರುತ್ತದೆ. ನಾವು ಫೋನಿನಲ್ಲಿ ಫೋಟೋ ನೋಡಿ ಹಿಡಿದ ಮನೆಯನ್ನು ವರ್ಷ ತುಂಬುವುದರೊಳಗೆ ಬಿಟ್ಟೆವು.

ಮಂಚ ಬಿಟ್ಟುಹೋಗಿ. ಬೀಟೆ ಮಂಚವನ್ನು ಬಿಚ್ಚಲು ಬರುವ ಆಚಾರಿ ಹಾಸನದಲ್ಲಿ ಸಿಗಬಹುದು, ಪುಣೆಯಲ್ಲಿ ಮತ್ತೆ ಜೋಡಿಸುವವರು ಯಾರು? ಹಮಾಲಿಗಳು ಸುತ್ತಿಗೆಯಲ್ಲಿ ಬಡಿದು ಸೇರಿಸುತ್ತಾರೆ, ಸಂದು ಸೀಳುತ್ತದೆ. ಅತ್ತೆಯವರ ಹತ್ತಿರ ನೀವು ಹೇಳಬೇಡಿ, ಮಗನ ಕೈಲೇ ಹೇಳಿಸಿ.