ಬೆಂಕಿ ಎಣಿಸಿ ಬಹುಮಾನ ಬೇಡ

ಕಾಡಿನ ಬೆಂಕಿ ಆರಿಸುವ ದಿನಗೂಲಿಯವರಲ್ಲಿ ಹುಮ್ಮಸ್ಸಿಲ್ಲ, ಆರಿಸಿದ ಬೆಂಕಿಗೆ ಇಷ್ಟೆಂದು ಬಹುಮಾನ ಕಟ್ಟಿದರೆ ಚುರುಕಾಗುತ್ತಾರೆ ಎಂದು ಚಾಮರಾಜನಗರದಿಂದ ಬರೆದಿದ್ದೀರಿ. ಮೊದಲ ಬಹುಮಾನಕ್ಕೆಂದು ಎರಡು ಸಾವಿರ ರೂಪಾಯಿಯ ಚೆಕ್ಕನ್ನೂ ಇಟ್ಟಿದ್ದೀರಿ. ನಿಮ್ಮ ಕಾಳಜಿಗೆ ನಮಸ್ಕಾರ. ಉಪಾಯಕ್ಕೆ ಮಾತ್ರ ಹೆದರಿಕೆಯಾಗುತ್ತದೆ. ಎಣಿಸಿ ಹಣ ಕೊಟ್ಟರೆ ನಾಳೆ ಯಾರಾದರೂ ಬೆಂಕಿಪೊಟ್ಟಣ ಹಿಡಿದೇ ಕಾಡಿಗೆ ಹೋದಾರು! ಬೇಸಿಗೆಗೆ ಮುಂಚೆ ಬೆಂಕಿ ರೇಖೆಯ, ಅಂದರೆ ಉರಿ ದಾಟದಂತೆ ಕಾಡಿನಲ್ಲಿ ತೆರವು ಮಾಡಿದ ಪಟ್ಟಿಯ, ಹುಲ್ಲು ಸವರಿ, ಮಳೆ ಬರುವವರೆಗೆ ಒಂದು ಕಿಡಿಯೂ ಹೊತ್ತದಂತೆ ಕಾದವನಿಗೆ ನಿಮ್ಮ ಲೆಕ್ಕದಲ್ಲಿ ಸೊನ್ನೆ.

ಹುಮ್ಮಸ್ಸಿಲ್ಲ ಎಂಬುದನ್ನೂ ಒಪ್ಪಲಾರೆ. ಒಂದು ಕಾಡಂಚಿನಲ್ಲಿ ಕಂಡದ್ದು ಹೇಳುತ್ತೇನೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಉರಿಯ ಮಗ್ಗುಲಿನಿಂದ ಬಡಿಯುತ್ತಿದ್ದ ಹಿರಿಯರೊಬ್ಬರು, ಪಕ್ಕದ ಹುಡುಗ ಕೊಂಬೆಯನ್ನು ತಲೆಯ ಮೇಲೆತ್ತಿದ ಕೂಡಲೇ ಗದರಿದರು: "ಬೀಸಬೇಡವೋ, ಅದುಮು. ಬೀಸಿದರೆ ಕಿಡಿ ಆಚೆ ಹಾರುತ್ತದೆ." ಅವರ ಕಾಲಲ್ಲಿ ಹವಾಯಿ ಚಪ್ಪಲಿ, ಕಿತ್ತ ಬಾರಿಗೆ ತಂತಿ ಸುತ್ತಿತ್ತು. ಮಧ್ಯಾಹ್ನ ಎರಡಾದರೂ ಊಟ ಬಂದಿರಲಿಲ್ಲ. ಹಿಂದಿನ ತಿಂಗಳ ಕೂಲಿ ಬಂತೇ ಎಂದು ಕೇಳಿದೆ. ನಕ್ಕು ಇನ್ನೊಂದು ಕೊಂಬೆ ಮುರಿದುಕೊಂಡರು.

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದದ್ದು ನಮಗೆಲ್ಲ ನೆನಪಿದೆ. ಅವು ಬರುವ ಮುಂಚೆ ದಿನಗಟ್ಟಲೆ ಸೊಪ್ಪು ಹಿಡಿದು ನಿಂತವರು ಅಷ್ಟಾಗಿ ನೆನಪಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ಇದೇ ಕಾಡಿನಲ್ಲಿ ಅರಣ್ಯ ರಕ್ಷಕರೊಬ್ಬರು ಬೆಂಕಿಗೆ ಸಿಕ್ಕಿ ತೀರಿಕೊಂಡಿದ್ದರು.

ನಿಮ್ಮ ಪತ್ರದಲ್ಲಿ ಇಲ್ಲದ, ನನ್ನನ್ನು ಹೆಚ್ಚು ಕಾಡುವ ಸಂಗತಿ ಒಂದಿದೆ. ನಿಮ್ಮದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 'ತರಗು ಬೆಂಕಿ' ಗೊತ್ತಿತ್ತು. ಬಿಸಿಲು ಬಲಿಯುವ ಮೊದಲೇ, ನೆಲದ ತರಗೆಲೆಯಷ್ಟೇ ಸುಡುವಂತೆ ಹಾಕುವ ಕಿರುಬೆಂಕಿ ಅದು. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಅದಕ್ಕೆ ತಡೆ ಬಿತ್ತು. ಲಂಟಾನ ಎಂಬ ಕಳೆಪೊದೆ ಕಾಡನ್ನು ನುಂಗಿದ್ದೇ ಅದರಿಂದ ಎನ್ನುತ್ತಾರೆ ಸೋಲಿಗರು. ಬೆಂಕಿಯ ಗುಣ ಬಲ್ಲ ಇಂಥ ಮನೆಗಳ ಹುಡುಗರನ್ನು ಬೇಸಿಗೆಗೆ ಕೂಲಿ ಕರೆದು, ಮಳೆ ಬಿದ್ದೊಡನೆ ಮನೆಗೆ ಕಳಿಸುತ್ತೇವೆ. ರೇಖೆ ಎಲ್ಲಿ ಕಡಿಯಬೇಕೆಂದು ಅವರನ್ನು ಒಂದು ಮಾತು ಕೇಳಿದರೆ, ನೀವು ಹುಡುಕುತ್ತಿರುವ ಹುಮ್ಮಸ್ಸು ಅಲ್ಲೇ ಸಿಕ್ಕೀತು.

ಚೆಕ್ಕನ್ನು ಹಿಂದಿರುಗಿಸುತ್ತಿಲ್ಲ. ನೀವು ಒಪ್ಪಿದರೆ ಬೂಟು ಕೊಳ್ಳೋಣ. ಆ ಹಿರಿಯರ ಕಾಲಿನ ಅಳತೆ ಎಂಟು, ಕೇಳಿಕೊಂಡು ಬಂದಿದ್ದೇನೆ.

— ಸಂಪಾದಕ