ಲ್ಯಾಂಡ್‌ಸ್ಕೇಪ್ ವಿನ್ಯಾಸ ಮತ್ತು ತಂತ್ರಜ್ಞಾನದ ಸ್ನಾತಕೋತ್ತರ ಕೋರ್ಸ್ ಸೇರುವ ಮೊದಲು ಏನು ಕಲಿತಿರಬೇಕು?

ತೋಟಗಾರಿಕೆಯಲ್ಲಿ ಪದವಿ ಆಗಿದೆ, ಗಿಡಮರಗಳ ಪರಿಚಯ ಚೆನ್ನಾಗಿದೆ, ಡ್ರಾಯಿಂಗ್ ಮಾತ್ರ ಬರುವುದಿಲ್ಲ. ಕೋರ್ಸ್ ಶುರುವಾಗಲು ಐದು ತಿಂಗಳಿದೆ, ಅಷ್ಟರಲ್ಲಿ ವಿನ್ಯಾಸವನ್ನು ನೈಜ ಚಿತ್ರದಂತೆ ತೋರಿಸುವ (ರೆಂಡರಿಂಗ್) ಸಾಫ್ಟ್‌ವೇರ್ ಲುಮಿಯನ್ ಕಲಿಯಲೋ 3ಡಿ ಮಾಡೆಲ್ ಮಾಡುವ ರೈನೋ ಕಲಿಯಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಲೆವೆಲ್ ಕಲಿಯಿರಿ. ಅಂದರೆ ನೆಲದ ಏರುತಗ್ಗನ್ನು ಅಳೆಯುವುದು, ಅದನ್ನು ಕಾಗದಕ್ಕೆ ಇಳಿಸುವುದು, ಬೇಕಾದ ಹಾಗೆ ಬದಲಿಸುವುದು. ಮೊದಲ ವರ್ಷ ತೋಟಗಾರಿಕೆಯಿಂದ ಬಂದವರೂ ಆರ್ಕಿಟೆಕ್ಚರ್‌ನಿಂದ ಬಂದವರೂ ಒಟ್ಟಿಗೆ ಎಡವುವ ಜಾಗ ಅದೇ. ರೆಂಡರಿಂಗ್ ಸಾಫ್ಟ್‌ವೇರ್ ಎರಡು ವಾರದಲ್ಲಿ ಕೈಗೆ ಹತ್ತುತ್ತದೆ. ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆ ನೋಡಿ ನೀರು ಯಾವ ಕಡೆ ಹರಿಯುತ್ತದೆಂದು ಥಟ್ಟನೆ ಹೇಳುವ ಕಣ್ಣು ಬರಲು ತಿಂಗಳುಗಳೇ ಬೇಕು.

ಕೋರ್ಸಿನ ರಚನೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ತರ. ವಿನ್ಯಾಸ ಮಾಡುತ್ತಲೇ ಕಲಿಯುವ ಸ್ಟುಡಿಯೋಗೆ ಸಿಂಹಪಾಲು ಸಮಯ, ಸಿಂಹಪಾಲು ಅಂಕ. ಪಕ್ಕದಲ್ಲಿ ಗ್ರೇಡಿಂಗ್ (ನೆಲದ ಮಟ್ಟ ಬದಲಿಸುವುದು) ಮತ್ತು ಡ್ರೈನೇಜ್, ನಿರ್ಮಾಣ ಸಾಮಗ್ರಿ ಮತ್ತು ಡೀಟೇಲಿಂಗ್ (ಕಟ್ಟುವ ವಿವರಗಳ ಡ್ರಾಯಿಂಗ್), ಸಸ್ಯ ವಿನ್ಯಾಸ, ಜಿಐಎಸ್ (ಕಂಪ್ಯೂಟರಿನಲ್ಲಿ ಭೂಪಟ ಮಾಹಿತಿಯ ವಿಶ್ಲೇಷಣೆ), ಕರಾರು ದಾಖಲೆಗಳು. ಕೊನೆಗೆ ಪ್ರಬಂಧ ಅಥವಾ ದೊಡ್ಡ ವಿನ್ಯಾಸ ಯೋಜನೆ. ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆಂದೇ ಇರುವ ಕೋರ್ಸುಗಳು ಎರಡು ಅಥವಾ ಮೂರು ವರ್ಷದವು. ಇದೇ ಕ್ಷೇತ್ರದಿಂದ ಬಂದವರಿಗೆ ಕಡಿಮೆ ಅವಧಿಯವೂ ಇವೆ. ನಿಮಗೆ ಮೊದಲ ಬಗೆಯದೇ ಸರಿ. ಎರಡನೆಯದರಲ್ಲಿ ಡ್ರಾಯಿಂಗ್ ಬರುತ್ತದೆಂದು ಇಟ್ಟುಕೊಂಡೇ ಪಾಠ ಶುರುವಾಗುತ್ತದೆ.

ಈಗ ಲೆವೆಲ್ ವಿಷಯ. ಒಂದು ಬಿಂದುವಿನ ಮಟ್ಟ 98.30, ಅಲ್ಲಿಂದ 24 ಮೀಟರ್ ದೂರದ ಇನ್ನೊಂದರದು 99.50 ಎಂದಿಟ್ಟುಕೊಳ್ಳಿ. ಏರು 1.20 ಮೀಟರ್, ಅಂದರೆ 5% ಇಳಿಜಾರು. 98.50ರ ಕಾಂಟೂರ್ ಎಲ್ಲಿ ಹಾಯುತ್ತದೆ? 0.20 ಮೀಟರ್ ಏರಲು 4 ಮೀಟರ್ ಬೇಕು, ಹಾಗಾಗಿ ಕೆಳಗಿನ ಬಿಂದುವಿನಿಂದ 4 ಮೀಟರಿಗೆ. 99.00ರದು 14 ಮೀಟರಿಗೆ. ಗಣಿತ ಇಷ್ಟೇ, ಇದಕ್ಕಿಂತ ಕಷ್ಟದ್ದು ಬರುವುದು ಅಪರೂಪ. ಕಷ್ಟ ಇರುವುದು ವಿನ್ಯಾಸಕ್ಕೆ ಇದನ್ನು ಕಟ್ಟಿಹಾಕುವಲ್ಲಿ.

ಅದೇ 1.20 ಮೀಟರ್ ಏರನ್ನು ಗಾಲಿಕುರ್ಚಿ ಹತ್ತಬೇಕು, ನಿಮ್ಮ ಪ್ಲಾನಿನಲ್ಲಿ ಬಾಗಿಲಿನ ಮುಂದೆ ಇರುವ ಜಾಗ 15 ಮೀಟರ್ ಅನ್ನಿ. 15 ಮೀಟರಿಗೆ 1.20 ಅಂದರೆ 8%. ಬಹಳ ಕಡೆ ಬಳಕೆಯಲ್ಲಿರುವ 1:12 (12 ಮೀಟರಿಗೆ 1 ಮೀಟರ್ ಏರು) ಮಿತಿಯ ಒಳಗೇ ಇದೆ, ಸರಿಹೋಯಿತು ಅನ್ನಿಸುತ್ತದೆ. ಸರಿಹೋಗಿಲ್ಲ. 1:12ರಲ್ಲಿ ಬರೀ ಏರಿಗೇ 14.4 ಮೀಟರ್ ಬೇಕು. ಸುಮಾರು 75 ಸೆಂ.ಮೀ. ಏರಿದ ಮೇಲೆ ನಿಂತು ಸುಧಾರಿಸಿಕೊಳ್ಳಲು ಮಟ್ಟಸವಾದ ಜಾಗ (ಲ್ಯಾಂಡಿಂಗ್) ಕೊಡಬೇಕಾದ್ದರಿಂದ ನಡುವೆ ಒಂದು 1.5 ಮೀಟರಿನದು, ಮೇಲೊಂದು, ಕೆಳಗೊಂದು. ಒಟ್ಟು 18.9 ಮೀಟರ್. ರ‍್ಯಾಂಪನ್ನು ಮಡಚಬೇಕು, ಮಡಚಿದರೆ ಅಗಲ ದುಪ್ಪಟ್ಟಾಗುತ್ತದೆ, ಅಲ್ಲಿ ಬರೆದಿದ್ದ ಹೂವಿನ ಪಾತಿ ಹೋಗುತ್ತದೆ, ಬಾಗಿಲಿನ ಎದುರಿನ ನೋಟವೇ ಬದಲಾಗುತ್ತದೆ. ಇಂಥದ್ದು ವಿನ್ಯಾಸದ ಮೊದಲ ವಾರದಲ್ಲಿ ಗೊತ್ತಾದರೆ ಅದೇ ಒಂದು ಐಡಿಯಾಕ್ಕೆ ದಾರಿ. ಅಧ್ಯಾಪಕರ ಮುಂದೆ ವಿನ್ಯಾಸ ಒಪ್ಪಿಸುವ ಜ್ಯೂರಿಯ ಹಿಂದಿನ ರಾತ್ರಿ ಗೊತ್ತಾದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಅಭ್ಯಾಸಕ್ಕೆ ದುಬಾರಿ ಸಲಕರಣೆ ಬೇಡ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಟ್ಯೂಬ್ ಲೆವೆಲ್ ಸಾಕು: ನೀರು ತುಂಬಿದ 12 ರಿಂದ 15 ಮೀಟರ್ ಪೈಪು, ಎರಡು ಅಳತೆ ಕೋಲು, ಜೊತೆಗೊಬ್ಬರು. 20 ಮೀಟರಿಗೆ 20 ಮೀಟರ್ ಇರುವ, ಸ್ವಲ್ಪ ಏರುತಗ್ಗಿನ ಜಾಗ ಹುಡುಕಿ. 5 ಮೀಟರಿಗೊಂದು ಗೂಟದಂತೆ ಚೌಕ ಹಾಕಿದರೆ 25 ಬಿಂದು. ಅಲುಗಾಡದ ಒಂದು ಕಲ್ಲನ್ನೋ ಕಟ್ಟೆಯನ್ನೋ 100.00 ಎಂದು ಹಿಡಿದು, ಉಳಿದೆಲ್ಲದರ ಮಟ್ಟ ಅದರಿಂದ ತೆಗೆಯಿರಿ. ಪೈಪಿನಲ್ಲಿ ಒಂದೇ ಒಂದು ಗಾಳಿಗುಳ್ಳೆ ಇದ್ದರೂ ಅಳತೆ ಸೆಂಟಿಮೀಟರುಗಟ್ಟಲೆ ತಪ್ಪಬಹುದು. ಎರಡೂ ತುದಿ ಒಂದೇ ಕಡೆ ಹಿಡಿದು ನೀರು ಸಮವಾಗಿ ನಿಲ್ಲುತ್ತದೆಯೇ ಎಂದು ಆಗಾಗ ನೋಡುತ್ತಿರಿ. ಅಳೆಯುವಾಗ ತುದಿ ಮುಚ್ಚಿದ ಹೆಬ್ಬೆರಳು ತೆಗೆದಿರಬೇಕು, ಇಲ್ಲದಿದ್ದರೆ ನೀರು ಅಲುಗುವುದೇ ಇಲ್ಲ. ಕೊನೆಗೆ ಶುರುವಿನ ಕಲ್ಲಿಗೇ ವಾಪಸ್ ಬಂದು ಅಳೆಯಿರಿ. 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ. ನಂತರ 1:100 ಸ್ಕೇಲಿನಲ್ಲಿ 25 ಸೆಂ.ಮೀ. ಅಂತರದ ಕಾಂಟೂರ್ ಬರೆಯಿರಿ, ಅದೇ ಹಾಳೆಯ ಮೇಲೆ ಟ್ರೇಸಿಂಗ್ ಶೀಟ್ ಇಟ್ಟು ಒಂದು 6×8 ಮೀಟರಿನ ಮಟ್ಟಸ ಅಂಗಳ ಕೂರಿಸಿ. ನಿಜಕ್ಕೂ ಮಟ್ಟಸ ಮಾಡಬೇಡಿ, 1.5 ರಿಂದ 2% ವಾಟ ಇರಲಿ, ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಬದಲಿಸಿದ ಪ್ರತಿ ಕಾಂಟೂರೂ ಜಾಗದ ಗಡಿಯೊಳಗೇ ಹಳೆಯ ಗೆರೆಗೆ ಮರಳಿ ಸೇರಬೇಕು. ಸೇರದೆ ಗಡಿ ದಾಟಿತೆಂದರೆ ಪಕ್ಕದವರ ಜಮೀನನ್ನು ಅಗೆದಿದ್ದೀರಿ ಎಂದರ್ಥ. ವಿದ್ಯಾರ್ಥಿಗಳ ಗ್ರೇಡಿಂಗ್ ಪ್ಲಾನಿನಲ್ಲಿ ತೀರಾ ಸಾಮಾನ್ಯವಾದ ದೋಷ ಇದೇ.

ಮಣ್ಣು ಕಡಿಯುವ, ತುಂಬುವ ಲೆಕ್ಕವನ್ನೂ ಆ ಹಾಳೆಯಲ್ಲೇ ಮಾಡಿ. ಅಗೆದ ಮಣ್ಣು ಹಿಗ್ಗುತ್ತದೆ; ಜೇಡಿ ನೆಲದ 100 ಘನ ಮೀಟರ್ ಲಾರಿಗೆ ಏರುವಾಗ 130ರ ಆಸುಪಾಸು ಇರುತ್ತದೆ. ಪ್ಲಾನಿನಲ್ಲಿ ಕಡಿದದ್ದೂ ತುಂಬಿದ್ದೂ ಸಮ ಎಂದು ಹೆಮ್ಮೆಪಡುವವರು ಈ ಹಿಗ್ಗನ್ನೂ, ಮೊದಲೇ ತೆಗೆದಿಡಬೇಕಾದ ಮೇಲ್ಮಣ್ಣಿನ 15 ಸೆಂ.ಮೀ. ಪದರವನ್ನೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನೀರಿಗೆ ಒಂದೇ ಸೂತ್ರದಿಂದ ಶುರು ಮಾಡಿ. ಚಿಕ್ಕ ಜಾಗಗಳಿಗೆ ರ‍್ಯಾಷನಲ್ ಮೆಥಡ್: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಹೆಕ್ಟೇರ್, ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರ್ ಬರುತ್ತದೆ. 0.6 ಹೆಕ್ಟೇರ್ ಹುಲ್ಲುಜಾಗ, ಗುಣಾಂಕ 0.2, ಮಳೆ ಗಂಟೆಗೆ 50 ಮಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಲೀಟರ್. ಅದರ 70% ಭಾಗಕ್ಕೆ ಕಲ್ಲುಹಾಸು ಹಾಕಿ ಗುಣಾಂಕ 0.9 ಹಿಡಿದರೆ ಇಡೀ ಜಾಗದ ಸರಾಸರಿ 0.69ಕ್ಕೆ ಏರುತ್ತದೆ, ಹರಿವು 57 ಲೀಟರ್ ದಾಟುತ್ತದೆ. ಈ ನಡುವಿನ 40 ಲೀಟರನ್ನು ಎಲ್ಲಿ ನಿಲ್ಲಿಸುತ್ತೀರಿ, ಎಲ್ಲಿ ಇಂಗಿಸುತ್ತೀರಿ ಎನ್ನುವುದೇ ತಂತ್ರಜ್ಞಾನದ ಪತ್ರಿಕೆಯ ಅರ್ಧ ಪಾಠ. ನೀಲಿ ಬಾಣ ಬರೆದು ‘ಮಳೆತೋಟ’ (ಮಳೆನೀರು ಇಂಗಿಸುವ ತಗ್ಗು ಪಾತಿ) ಎಂದು ಹೆಸರಿಟ್ಟರೆ ಉತ್ತರವಾಗುವುದಿಲ್ಲ. ಆ ಮಣ್ಣು ಗಂಟೆಗೆ ಎಷ್ಟು ಮಿಲಿಮೀಟರ್ ಹೀರುತ್ತದೆ, ತುಂಬಿ ಹರಿದರೆ ಹೆಚ್ಚಿನ ನೀರು ಎತ್ತ ಹೋಗುತ್ತದೆ, ಅದರ ಮಟ್ಟ ಕಟ್ಟಡದ ನೆಲಕ್ಕಿಂತ ಎಷ್ಟು ಕೆಳಗಿದೆ ಎಂದು ಕೇಳುತ್ತಾರೆ. ಪರೀಕ್ಷೆ ನೀವೇ ಮಾಡಬಹುದು: 30 ಸೆಂ.ಮೀ. ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ, ಎರಡನೇ ಸಲ ತುಂಬಿದಾಗ ಗಡಿಯಾರ ನೋಡಿ. ಒಣಮಣ್ಣು ಮೊದಲ ಸಲ ಸಾಮಾನ್ಯವಾಗಿ ಬೇಗ ಕುಡಿಯುತ್ತದೆ, ಆ ಸಂಖ್ಯೆಯನ್ನು ನಂಬುವ ಹಾಗಿಲ್ಲ.

ಗಿಡಮರ ಗೊತ್ತು ಎಂದಿದ್ದೀರಿ. ಅದು ದೊಡ್ಡ ಅನುಕೂಲವೇ, ಆದರೆ ತೋಟದ ಮಣ್ಣಿನ ತಿಳಿವಳಿಕೆ ಕಲ್ಲುಹಾಸಿನ ನಡುವೆ ಹಾಗೇ ನಡೆಯುವುದಿಲ್ಲ. ತೋಟದಲ್ಲಿ ಗುಣಿ ತೋಡಿ ನೆಟ್ಟರೆ ಬೇರು ಗುಣಿ ದಾಟಿ ಹೋಗುತ್ತದೆ. ರಸ್ತೆಬದಿಯಲ್ಲಿ ದಾಟಲು ಜಾಗವೇ ಇಲ್ಲ. ರೂಢಿಯ ಒಂದು ಅಂದಾಜಿನ ಪ್ರಕಾರ ಬೆಳೆದ ಮರದ ನೆರಳಿನ ಪ್ರತಿ ಚದರ ಮೀಟರಿಗೆ 0.6 ಘನ ಮೀಟರ್ ಸಡಿಲ ಮಣ್ಣು ಬೇಕು. 6 ಮೀಟರ್ ವ್ಯಾಸದ ತಲೆಯಿದ್ದರೆ ನೆರಳು 28 ಚದರ ಮೀಟರ್, ಮಣ್ಣು 17 ಘನ ಮೀಟರ್. ಪ್ಲಾನಿನಲ್ಲಿ ಎಲ್ಲರೂ ಬರೆಯುವ 1.2×1.2 ಮೀಟರಿನ ಚೌಕದಲ್ಲಿ, 1 ಮೀಟರ್ ಆಳ ಹಿಡಿದರೂ ಸಿಗುವುದು 1.44. ಮರ ಒಂದೆರಡು ವರ್ಷ ಚೆನ್ನಾಗಿಯೇ ಇದ್ದು ಆಮೇಲೆ ತುದಿಯಿಂದ ಒಣಗತೊಡಗುತ್ತದೆ, ಅಥವಾ ಹಾಸುಗಲ್ಲನ್ನು ಎತ್ತಿ ಎಸೆಯುತ್ತದೆ. ಹಾಸಿನ ಕೆಳಗೆ ಜಲ್ಲಿ ಮತ್ತು ಮಣ್ಣು ಬೆರೆಸಿದ ಸ್ಟ್ರಕ್ಚರಲ್ ಸಾಯಿಲ್, ಒಳಗೆ ಸಡಿಲ ಮಣ್ಣು ತುಂಬಿ ಮೇಲಿನ ಭಾರ ತಾನೇ ಹೊರುವ ಚೌಕಟ್ಟು (ಸಾಯಿಲ್ ಸೆಲ್), ಅಥವಾ ನಾಲ್ಕೈದು ಮರಕ್ಕೆ ಒಟ್ಟಾಗಿ ಒಂದೇ ಉದ್ದ ಕಂದಕ ಕೊಡುವುದು, ಇವೆಲ್ಲ ಈ ಲೆಕ್ಕದಿಂದ ಹುಟ್ಟಿದ ಉಪಾಯಗಳು. ನನಗೆ ಕೇಳಿದರೆ ಕಂದಕವೇ ಮೊದಲ ಆಯ್ಕೆ. ಕೆಡುವ ಭಾಗ ಕಡಿಮೆ.

ಮಣ್ಣು ಗಟ್ಟಿಯಾಗುವುದನ್ನು ಅಂಕಿಯಲ್ಲಿ ಹೇಳಲು ಕಲಿಯಿರಿ. ಗಾತ್ರ ಗೊತ್ತಿರುವ ಕೊಳವೆಯನ್ನು ಮಣ್ಣಿಗೆ ಬಡಿದು, ತೆಗೆದು, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ತೂಕವನ್ನು ಗಾತ್ರದಿಂದ ಭಾಗಿಸಿ. ಜೇಡಿಯಲ್ಲಿ ಘನ ಸೆಂಟಿಮೀಟರಿಗೆ 1.5 ಗ್ರಾಂ, ಮರಳುಮಣ್ಣಿನಲ್ಲಿ 1.8ರ ಹತ್ತಿರ ಬಂದರೆ ಬೇರು ಒಳಗೆ ಹೋಗಲಾರದು. ಜೆಸಿಬಿ ಓಡಾಡಿದ ನೆಲ ಅಲ್ಲಿಗೆ ಸುಲಭವಾಗಿ ಮುಟ್ಟುತ್ತದೆ, ಅದರ ಮೇಲೆ ಎಷ್ಟು ಗೊಬ್ಬರ ಸುರಿದರೂ ವ್ಯರ್ಥ.

ತಾರಸಿ ತೋಟದಲ್ಲಿ ಪ್ರಶ್ನೆ ಭಾರದ್ದು. ಹಗುರ ಮಿಶ್ರಣದ 10 ಸೆಂ.ಮೀ. ಪದರ ನೀರು ಕುಡಿದಾಗ ಚದರ ಮೀಟರಿಗೆ 120 ರಿಂದ 150 ಕೆಜಿ. ಮಾಮೂಲಿ ಮಣ್ಣು 30 ಸೆಂ.ಮೀ. ಹಾಕಿದರೆ 500 ಕೆಜಿ ದಾಟುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ಜೊತೆ ಮಾತಾಡಿದ ಮೇಲೆ ಮರ ಬರೆಯಿರಿ, ಬರೆದ ಮೇಲೆ ಮಾತಾಡಬೇಡಿ.

ಸಸ್ಯಪಟ್ಟಿಯ ಬಗ್ಗೆ ಒಂದು ಸಣ್ಣ ಮಾತು. 40 ಚದರ ಮೀಟರ್ ಪಾತಿಗೆ 30 ಸೆಂ.ಮೀ. ಅಂತರದಲ್ಲಿ ಚೌಕ ಜೋಡಣೆಗೆ 444 ಗಿಡ, ತ್ರಿಕೋನ ಜೋಡಣೆಗೆ 513. ಪ್ಲಾನಿನಲ್ಲಿ ಒಂದು ಬರೆದು ಪಟ್ಟಿಯಲ್ಲಿ ಇನ್ನೊಂದನ್ನು ಎಣಿಸಿದರೆ ಗುತ್ತಿಗೆದಾರ ಮೊದಲು ಹಿಡಿಯುವುದೇ ಅದನ್ನು.

ತಡೆಗೋಡೆ ಸಾಮಾನ್ಯವಾಗಿ ಬೀಳುವುದು ಹಿಂದೆ ನಿಂತ ನೀರಿನಿಂದ. ಡೀಟೇಲ್ ಬರೆಯುವಾಗ ಜಲ್ಲಿ ಪದರ, ಮಣ್ಣು ನುಗ್ಗದಂತೆ ಜಿಯೋಟೆಕ್ಸ್‌ಟೈಲ್ ಎಂಬ ಸೋಸುಬಟ್ಟೆ, ಬುಡದಲ್ಲಿ ತೂತಿನ ಪೈಪು, ಆ ಪೈಪು ಕೊನೆಗೆ ಎಲ್ಲಿ ತೆರೆಯುತ್ತದೆ ಎನ್ನುವುದು, ಇವು ನಾಲ್ಕೂ ಇರಲಿ. ನಾಲ್ಕನೆಯದು ಬಹಳ ಹಾಳೆಗಳಲ್ಲಿ ಕಾಣುವುದಿಲ್ಲ.

ಸಾಫ್ಟ್‌ವೇರ್ ಕಲಿಯಲೇಬೇಕೆಂದಿದ್ದರೆ ಡ್ರಾಯಿಂಗಿಗೆ ಆಟೋಕ್ಯಾಡ್ ಮತ್ತು ಜಿಐಎಸ್ ಕೆಲಸಕ್ಕೆ ಕ್ಯೂಜಿಐಎಸ್, ಈ ಕ್ರಮದಲ್ಲಿ. ಎರಡನೆಯದು ಉಚಿತ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಇಯಾನ್ ಮ್ಯಾಕ್‌ಹಾರ್ಗ್ 1960ರ ದಶಕದಲ್ಲಿ ಮಣ್ಣು, ಇಳಿಜಾರು, ನೀರು, ಕಾಡು ಎಂದು ಬೇರೆಬೇರೆ ಪಾರದರ್ಶಕ ಹಾಳೆ ಬರೆದು ಒಂದರ ಮೇಲೊಂದಿಟ್ಟು ನೋಡುತ್ತಿದ್ದ ಕೆಲಸವನ್ನೇ ಅದರಲ್ಲಿ ಮಾಡುವುದು. ಒಂದು ಎಚ್ಚರಿಕೆ: ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಎತ್ತರದ ಡೇಟಾ ಹೆಚ್ಚಾಗಿ 30 ಮೀಟರಿನದು. ಒಂದು ಪಿಕ್ಸೆಲ್ ಅಂದರೆ 900 ಚದರ ಮೀಟರ್, ಎತ್ತರದಲ್ಲಿ ಹಲವು ಮೀಟರ್ ತಪ್ಪು. ಕಣಿವೆ ಓದಲು ಅದು ಸಾಕು. ಅದನ್ನೇ ಜೂಮ್ ಮಾಡಿ ಅರ್ಧ ಮೀಟರ್ ಕಾಂಟೂರ್ ಎಳೆದು ಅಂಗಳ ವಿನ್ಯಾಸ ಮಾಡಿದರೆ ಸುಳ್ಳು ನೆಲದ ಮೇಲೆ ಕಟ್ಟಿದಂತೆ. ಇನ್ನೊಂದು, ಸರ್ವೆ ಫೈಲಿನ ನಿರ್ದೇಶಾಂಕಗಳು ಲಕ್ಷಗಟ್ಟಲೆ ಇರುತ್ತವೆ. ಹಾಗೇ ಸ್ಕೆಚಪ್, ರೈನೋದಂಥ 3ಡಿ ಸಾಫ್ಟ್‌ವೇರಿಗೆ ತಂದರೆ ಮೂಲಬಿಂದುವಿನಿಂದ ತುಂಬಾ ದೂರವಾಗಿ ಮೇಲ್ಮೈಗಳು ನಡುಗುತ್ತವೆ, ಒಡೆಯುತ್ತವೆ. ಎಷ್ಟು ಸರಿಸಿದಿರಿ ಎಂದು ಬರೆದಿಟ್ಟುಕೊಂಡು ಮೂಲಬಿಂದುವಿನ ಹತ್ತಿರ ತನ್ನಿ.

ಅರ್ಜಿಯ ಜೊತೆ ಕಳಿಸುವ ನಿಮ್ಮ ಕೆಲಸಗಳ ಸಂಗ್ರಹಕ್ಕೆ (ಪೋರ್ಟ್‌ಫೋಲಿಯೊ) ಕಾಲೇಜಿನ ವಿಭಾಗ ಪುಟಮಿತಿ ಕೊಟ್ಟಿದ್ದರೆ ಅದನ್ನು ಮೀರಬೇಡಿ, ಕೊಟ್ಟಿಲ್ಲದಿದ್ದರೆ 20 ಪುಟ ಸಾಕು. ಮೇಲೆ ಹೇಳಿದ ಸರ್ವೆ ಹಾಳೆ, ಅದೇ ಜಾಗದ 1:50 ಸೆಕ್ಷನ್ (ನೆಲವನ್ನು ಅಡ್ಡ ಕೊಯ್ದಂತೆ ತೋರಿಸುವ ಡ್ರಾಯಿಂಗ್) ಎರಡು, ಕಾರ್ಡ್‌ಬೋರ್ಡ್ ಪದರಗಳ ಕಾಂಟೂರ್ ಮಾಡೆಲ್‌ನ ಫೋಟೋ, ಇಂಗುವಿಕೆಯ ಅಂಕಿಗಳು, ಒಂದು ಮರ ಬೇರುಸಹಿತ ಅಳತೆಯಲ್ಲಿ. ಕೈಬರಹದ ತಿದ್ದುಪಡಿಗಳನ್ನು ಅಳಿಸಬೇಡಿ. ಆಯ್ಕೆ ಮಾಡುವವರಿಗೆ ನಿಮ್ಮ ತಲೆ ಹೇಗೆ ಓಡುತ್ತದೆಂದು ಕಾಣಬೇಕು. ತೋಟಗಾರಿಕೆಯವರು ಸಾಲುಸಾಲು ಹೂವಿನ ಫೋಟೋ ಹಾಕಿ ಕಳಿಸುವುದುಂಟು, ಅದರಿಂದ ಏನೂ ಗೊತ್ತಾಗುವುದಿಲ್ಲ.

ಕೋರ್ಸ್ ಆರಿಸುವಾಗ ಮೊದಲು ನೋಡಬೇಕಾದ್ದು ಮಾನ್ಯತೆ. ಹೆಸರಿನಲ್ಲಿ ಲ್ಯಾಂಡ್‌ಸ್ಕೇಪ್ ಇದ್ದ ಮಾತ್ರಕ್ಕೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗುವ ದಾರಿ ತೆರೆಯುವುದಿಲ್ಲ. ಅಮೆರಿಕದಲ್ಲಿ ರಾಜ್ಯವಾರು ಪರವಾನಗಿ, ಅದಕ್ಕೆ ನಾಲ್ಕು ಭಾಗದ ಎಲ್‌ಎಆರ್‌ಇ ಪರೀಕ್ಷೆ ಇದೆ. ಬ್ರಿಟನ್ನಿನಲ್ಲಿ ಅಲ್ಲಿನ ವೃತ್ತಿಸಂಸ್ಥೆಯಾದ ಲ್ಯಾಂಡ್‌ಸ್ಕೇಪ್ ಇನ್‌ಸ್ಟಿಟ್ಯೂಟ್ ಮಾನ್ಯ ಮಾಡಿದ ಕೋರ್ಸುಗಳಿವೆ. ನೀವು ಕೆಲಸ ಮಾಡಬೇಕೆಂದಿರುವ ದೇಶದ ವೃತ್ತಿಸಂಸ್ಥೆಯ ಪಟ್ಟಿಯಲ್ಲಿ ಕೋರ್ಸಿನ ಹೆಸರು ಇದೆಯೇ ಎಂದು ನೋಡಿ. ಕಾಲೇಜಿನ ಬ್ರೋಶರ್ ಮಾತು ಸಾಲದು. ನಂತರ ವಿಭಾಗಕ್ಕೆ ಮೇಲ್ ಹಾಕಿ, ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರ ಗ್ರೇಡಿಂಗ್ ಪ್ಲಾನ್ ಮತ್ತು ಡೀಟೇಲ್ ಹಾಳೆ ನೋಡಬಹುದೇ ಎಂದು ಕೇಳಿ. ರೆಂಡರ್ ಚಿತ್ರಗಳನ್ನು ಎಲ್ಲರೂ ತೋರಿಸುತ್ತಾರೆ. ಅಂಕಿ ತುಂಬಿದ ಹಾಳೆ ತೋರಿಸಲು ತಡವರಿಸಿದರೆ ತಂತ್ರಜ್ಞಾನ ಶೀರ್ಷಿಕೆಯಲ್ಲಷ್ಟೇ ಇದೆ ಎಂದು ತಿಳಿಯಬಹುದು.

ಪ್ರಬಂಧದ ವಿಷಯ ಈಗಲೇ ಬೇಡ, ಆದರೆ ಮಣ್ಣು, ನೀರು, ಗಿಡ ಅಳೆಯುವ ವಿಷಯ ತೆಗೆದುಕೊಳ್ಳುವ ಆಸೆಯಿದ್ದರೆ ಒಂದು ಮಳೆಗಾಲ ಮಾತ್ರ ನಿಮ್ಮ ಕೈಯಲ್ಲಿರುತ್ತದೆ ಎನ್ನುವುದು ನೆನಪಿರಲಿ. ಅನುಮತಿ, ಉಪಕರಣ, ಜಾಗ ಮೂರೂ ಮಳೆಗೆ ಎರಡು ತಿಂಗಳು ಮೊದಲೇ ಗೊತ್ತಾಗಿರಬೇಕು. ಮಳೆ ಶುರುವಾದ ಮೇಲೆ ಅರ್ಜಿ ಹಾಕಿದವರು ಹೆಚ್ಚಾಗಿ ಕೊನೆಗೆ ಪ್ರಶ್ನಾವಳಿ ಹಂಚಿ ಪ್ರಬಂಧ ಮುಗಿಸುತ್ತಾರೆ.